ಅಪ್‌ಡೇಟ್: ಅಪ್ಪನ ಹಾಸಿಗೆ ಹುಣ್ಣಿಗೆ ಫ್ಲ್ಯಾಪ್ ಸರ್ಜರಿ ಆಯ್ತು

ಲಕ್ವ ಹೊಡೆದು ಹಾಸಿಗೆ ಹಿಡಿದಿರೋ ಅಪ್ಪನಿಗೆ ಸೊಂಟದ ಕೆಳಗೆ ಮೂಳೆ ಕಾಣೋಷ್ಟು ಹುಣ್ಣಾಗಿದೆ, ಆಪರೇಷನ್ ಮಾಡಿಸಬಹುದಾ ಅಂತ ಕೇಳಿದ್ದೆ. ಮಾಡಿಸಿದ್ವಿ. ಮೊದಲು ಕೊಳೆತ ಭಾಗ ಕತ್ತರಿಸಿ ತೆಗೆದು, ಸೋಂಕು ಇಳಿಯೋವರೆಗೆ ಬರೀ ಡ್ರೆಸ್ಸಿಂಗ್. ರಕ್ತದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಕಮ್ಮಿ ಇತ್ತು. ಮೊಟ್ಟೆ, ಬೇಳೆ, ಪ್ರೋಟೀನ್ ಪುಡಿ ಕೊಟ್ಟು ಸ್ವಲ್ಪ ಸುಧಾರಿಸಿದ ಮೇಲೇ ಪ್ಲಾಸ್ಟಿಕ್ ಸರ್ಜನ್ ಒಪ್ಪಿದ್ದು.

ಕುಂಡೆಯ ಚರ್ಮ, ಮಾಂಸ ಎರಡನ್ನೂ ರಕ್ತನಾಳದ ಸಮೇತ ಸರಿಸಿ ಗುಂಡಿ ಮುಚ್ಚಿದ್ದಾರೆ, ಫ್ಲ್ಯಾಪ್ ಅಂದ್ರೆ ಇದೇ. ಹೊಲಿಗೆ ಇಂಗ್ಲಿಷ್ ವೈ ಅಕ್ಷರದ ಹಾಗಿದೆ. ತೊಡೆಯ ಚರ್ಮ ತೆಗೆದು ಅಂಟಿಸಿದ್ರೆ ಸಾಲದಾ ಅಂದ್ರೆ, ಭಾರ ಬೀಳೋ ಜಾಗದಲ್ಲಿ ಅಷ್ಟು ತೆಳು ಚರ್ಮ ಬಾಳಿಕೆ ಬರಲ್ಲ ಅಂದ್ರು.

ಸದ್ಯಕ್ಕೆ ಅಂಗಾತ ಮಲಗಿಸೋ ಹಾಗಿಲ್ಲ. ಏರ್ ಬೆಡ್ ಇದ್ರೂ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು (ನಿಜವಾದ ಕಷ್ಟ ಇದೇ). ರಾತ್ರಿ ಪಾಳಿ ಅಣ್ಣಂದು. ಗಾಯದೊಳಗೆ ಸೇರೋ ರಕ್ತ, ನೀರು ಹೊರಗೆ ಹರಿಸೋ ಡ್ರೈನ್ ಪೈಪ್ ಇನ್ನೂ ತೆಗೆದಿಲ್ಲ.