ದೇಣಿಗೆ ಯಾವುದಕ್ಕೆ? ಕುಟುಂಬದ ಗುಂಪಿನಲ್ಲಿ ನಡೆದ ಚರ್ಚೆ

ಚಿಕ್ಕಮ್ಮ: ಹೃದಯ ಮತ್ತು ಶ್ವಾಸಕೋಶದ ಕಾಯಿಲೆ ಇರುವವರಿಗೆ, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೆರವಾಗುವ ದತ್ತಿ ಸಂಸ್ಥೆಯೊಂದರ ಮನವಿಯನ್ನು ಮೇಲೆ ಹಾಕಿದ್ದೇನೆ. ಸಹಾಯವಾಣಿ, ಮಾತಿನ ಅಭ್ಯಾಸ, ರೋಗಿಗಳ ಗುಂಪು ಸಭೆ ಇವುಗಳಿಗೆ ಹಣ ಬೇಕಂತೆ. ಎಲ್ಲರೂ ಕೈಲಾದಷ್ಟು ಕೊಡೋಣ.

ದೊಡ್ಡಮಾವ: ತಂಗಿ, ತಪ್ಪು ತಿಳಿಯಬೇಡ. ಶಸ್ತ್ರಚಿಕಿತ್ಸೆಗೆ ದುಡ್ಡಿಲ್ಲದೆ ಜನ ಸಾಯುತ್ತಿರುವಾಗ, ಕೂಡಿ ಕುಳಿತು ಮಾತನಾಡುವ ಸಭೆಗಳಿಗೆ ದೇಣಿಗೆ ಕೊಡುವುದು ನನಗೆ ಸರಿಕಾಣುವುದಿಲ್ಲ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದ ನನಗೆ ಯಾವ ಗುಂಪೂ ಬೇಕಾಗಲಿಲ್ಲ.

ಅಕ್ಕ: ದೊಡ್ಡಮಾವ, ನಿಮ್ಮನ್ನು ದಿನವೂ ನಡೆಸಲು, ಮಾತ್ರೆ ನೆನಪಿಸಲು ಅತ್ತೆ ಇದ್ದರು. ಫಿಸಿಯೋಥೆರಪಿಸ್ಟ್ ಆಗಿ ನಾನು ನೋಡುವ ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ರೋಗಿಗಳಲ್ಲಿ ಎಷ್ಟೋ ಮಂದಿ ಏದುಸಿರಿಗೆ ಹೆದರಿ ನಡೆಯುವುದನ್ನೇ ಬಿಟ್ಟಿರುತ್ತಾರೆ. ನಡೆಯದೆ ಕಾಲಿನ ಸ್ನಾಯುಗಳು ಸೊರಗುತ್ತವೆ, ಸೊರಗಿದ ಸ್ನಾಯುಗಳು ಬೇಗ ದಣಿದು ಇನ್ನೂ ಹೆಚ್ಚು ಉಸಿರನ್ನು ಬೇಡುತ್ತವೆ. ಈ ವಿಷವರ್ತುಲ ಇನ್ಹೇಲರ್ ಒಂದರಿಂದಲೇ ತಪ್ಪುವುದಿಲ್ಲ. ವಾರಕ್ಕೆ ಎರಡು ಬಾರಿಯಂತೆ 6ರಿಂದ 8 ವಾರ ನಡೆಸುವ ವ್ಯಾಯಾಮದ ಪುನಶ್ಚೇತನ ತರಬೇತಿಯಿಂದ ಶ್ವಾಸಕೋಶ ಹೊಸದಾಗುವುದಿಲ್ಲ ನಿಜ, ಆದರೆ ನಡೆಯಬಲ್ಲ ದೂರ ಹೆಚ್ಚುತ್ತದೆ, ಆಸ್ಪತ್ರೆಗೆ ಮರಳುವುದು ಕಡಿಮೆಯಾಗುತ್ತದೆ. ತರಬೇತಿ ಮುಗಿದ ಮೇಲೆ ಅಭ್ಯಾಸ ಬಿಟ್ಟರೆ ಗಳಿಸಿದ್ದು ಕೆಲವೇ ತಿಂಗಳುಗಳಲ್ಲಿ ಕರಗುತ್ತದೆ. ಗುಂಪು ಬೇಕಾಗುವುದು ಆಗಲೇ.

ದೊಡ್ಡಮಾವ: ಇದು ಒಪ್ಪತಕ್ಕ ಮಾತು. ಆದರೆ ಚಿಕಿತ್ಸೆ ಬೇರೆ, ಸಾಂತ್ವನ ಬೇರೆ. ಕೊಟ್ಟ ಹಣದಲ್ಲಿ ಎಷ್ಟು ಪಾಲು ಜಾಹೀರಾತಿಗೆ ಹೋಗುತ್ತದೆಂದು ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ?

ನಾನು: ನೋಡಿಲ್ಲ, ಆಡಿಟ್ ಆದ ಲೆಕ್ಕಪತ್ರ ತರಿಸೋಣ. ನಾನಾದರೆ ಅದಕ್ಕಿಂತ ಮೊದಲು, ಸಹಾಯವಾಣಿಯಲ್ಲಿ ಕುಳಿತವರು ತರಬೇತಿ ಪಡೆದ ದಾದಿಯರೇ ಎಂದು ಕೇಳುತ್ತೇನೆ. ಹೃದಯ ವೈಫಲ್ಯವಿರುವವರ ತೂಕ ಮೂರು ದಿನಗಳಲ್ಲಿ 2 ಕಿಲೋ ಏರಿದರೆ ದೇಹದಲ್ಲಿ ನೀರು ತುಂಬುತ್ತಿರಬಹುದೆಂದು ಊಹಿಸಿ, ತಡಮಾಡದೆ ವೈದ್ಯರ ಬಳಿಗೆ ಕಳುಹಿಸುವವರು ಅಲ್ಲಿರಬೇಕು, ಬರಿಯ ಧೈರ್ಯ ಹೇಳುವವರಲ್ಲ.

ಚಿಕ್ಕಮ್ಮ: ಅಣ್ಣ, ಸಾಂತ್ವನ ಎಂದೆಯಲ್ಲ. ನಮ್ಮ ಯಜಮಾನರಿಗೆ ಪಾರ್ಶ್ವವಾಯು ಆದಾಗ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಗೆ ಇರುವ ನಾಲ್ಕೂವರೆ ಗಂಟೆಯ ಗಡುವಿನೊಳಗೆ ಇವರನ್ನು ಆಸ್ಪತ್ರೆಗೆ ಸೇರಿಸಿದೆವು, ಜೀವ ಉಳಿಯಿತು. ಉಳಿದದ್ದು ಅಫೇಸಿಯಾ, ಮಿದುಳಿಗೆ ಪೆಟ್ಟಾಗಿ ಬರುವ ಮಾತಿನ ತೊಂದರೆ. ಕೇಳಿದ್ದೆಲ್ಲ ಅರ್ಥವಾಗುತ್ತದೆ, ಹೇಳಬೇಕಾದ ಪದ ಮಾತ್ರ ಬಾಯಿಗೆ ಬರುವುದಿಲ್ಲ. ಬುದ್ಧಿಯೇ ಮಂಕಾಗಿದೆ ಎಂದುಕೊಂಡು ನೋಡಲು ಬಂದವರು ಇವರ ಎದುರಿಗೇ ನನ್ನನ್ನು 'ಹೇಗಿದ್ದಾರೆ' ಎಂದು ಕೇಳಿ ಎದ್ದು ಹೋಗುತ್ತಾರೆ. ಮಾತಿನ ಅಭ್ಯಾಸದ ಗುಂಪಿನಲ್ಲಿ ಹಾಗಾಗುವುದಿಲ್ಲ, ಅಲ್ಲಿ ಒಬ್ಬರ ಪದಕ್ಕಾಗಿ ಎಲ್ಲರೂ ಕಾಯುತ್ತಾರೆ. ಅದನ್ನು ಚಿಕಿತ್ಸೆ ಎನ್ನಬೇಕೋ ಸಾಂತ್ವನ ಎನ್ನಬೇಕೋ ನೀನೇ ಹೇಳು. ನೀನೂ ಫೋನ್ ಮಾಡಿದಾಗ ನನ್ನೊಡನೆ ಮಾತನಾಡಿ ಇಟ್ಟುಬಿಡುತ್ತೀಯೆ.

ದೊಡ್ಡಮಾವ: ಭಾವನವರಿಗೆ ತೊಂದರೆಯಾಗಬಾರದೆಂದು ಹಾಗೆ ಮಾಡುತ್ತಿದ್ದೆ. ಲೆಕ್ಕಪತ್ರ ನೋಡದೆ ಹಣ ಕೊಡುವುದಿಲ್ಲ, ಅದರಲ್ಲಿ ಬದಲಿಲ್ಲ. ಭಾವನವರಿಗೆ ಫೋನ್ ಮಾಡಲು ಯಾವ ಹೊತ್ತು ಒಳ್ಳೆಯದು?

ಚಿಕ್ಕಮ್ಮ: ಬೆಳಗ್ಗೆ ಹತ್ತರ ಸುಮಾರಿಗೆ ಮಾಡು, ಸಂಜೆಯ ಹೊತ್ತಿಗೆ ದಣಿದು ಬರುವ ಪದವೂ ಬರುವುದಿಲ್ಲ. ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಕೇಳು, ಒಂದು ಸಲಕ್ಕೆ ಒಂದೇ. ಅವರು ಶುರುಮಾಡಿದ ವಾಕ್ಯವನ್ನು ನೀನು ಮುಗಿಸಬೇಡ.