ಮನೋರಂಜಿನಿ ಅಂತ ಕೊಟ್ಟರು, ಇದು ಅದೇನಾ?

ರಾಜಾಜಿನಗರದಿಂದ, ಕೇಳಿದ್ದು: ಮೂರು ವರ್ಷದ ಹಿಂದೆ ಒಂದು ನರ್ಸರಿಯಲ್ಲಿ ಮನೋರಂಜಿನಿ ಅಂತಲೇ ಕೇಳಿ ಗಿಡ ತಂದೆ. ತಾರಸಿ ಮೇಲೆ ದೊಡ್ಡ ಡ್ರಮ್‌ನಲ್ಲಿದೆ. ಏಳು ಅಡಿ ಆಗಿದೆ, ಒಂದು ಹೂವೂ ಇಲ್ಲ. ತೀರ್ಥಹಳ್ಳಿಯ ತವರಿನಲ್ಲಿ ಬಾವಿಕಟ್ಟೆ ಪಕ್ಕ ಇತ್ತು ಅಂತ ಅಮ್ಮ ಆಸೆಪಟ್ಟು ತರಿಸಿದ್ದು. ಈಗ ಅಮ್ಮನೇ "ಇದು ಅದಲ್ಲ ಕಣೋ" ಅಂತಿದ್ದಾರೆ. ಗುರುತು ಹಿಡಿಯೋದು ಹೇಗೆ? ಬೆಂಗಳೂರಿನಲ್ಲಿ ಬೆಳೆಸಿದವರು ದಯವಿಟ್ಟು ಹೇಳಿ.

ಬಸವನಗುಡಿಯಿಂದ: ಮೊದಲು ಕೊಕ್ಕೆ ಹುಡುಕಿ. ಮನೋರಂಜಿನಿಯ ಹೂ ನೇರವಾಗಿ ಕೊಂಬೆಯಿಂದ ಬರೋದಿಲ್ಲ. ಮೀನಿನ ಗಾಳದ ಹಾಗೆ ಬಾಗಿದ ಗಟ್ಟಿ ಕೊಕ್ಕೆಯೊಂದು ಇರುತ್ತದೆ, ಮೊಗ್ಗು ಅದರ ಮೇಲೆ ಕೂರುತ್ತದೆ. ಹೂ ಉದುರಿದ ಮೇಲೂ ಕೊಕ್ಕೆ ಹಾಗೇ ಉಳಿದು ಕಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಗಿಡ ಅದನ್ನೇ ಸಿಕ್ಕಿಸಿಕೊಂಡು ಮೇಲೆ ಹತ್ತುತ್ತದೆ. ಬೆರಳಿಟ್ಟು ಎಳೆದರೆ ಕೊಂಬೆಯೇ ಜೊತೆಗೆ ಬರುತ್ತದೆ, ಅಷ್ಟು ಗಟ್ಟಿ. ಬೀಜದಿಂದ ಎದ್ದ ಎಳೆ ಗಿಡದಲ್ಲಿ ಕೊಕ್ಕೆ ಕಾಣದಿದ್ದರೆ ಗಾಬರಿ ಬೇಡ. ಆದರೆ ಏಳು ಅಡಿ ಆದಮೇಲೂ ಇಲ್ಲ ಅಂದರೆ ಅನುಮಾನ ಪಡಲೇಬೇಕು.

ನಮ್ಮಲ್ಲಿ ಕೆಲವರು ಇದನ್ನು ಹಸಿರು ಸಂಪಿಗೆ ಅಂತಾರೆ, ಆದರೆ ಸಂಪಿಗೆಗೂ ಇದಕ್ಕೂ ನೆಂಟಸ್ತನ ದೂರದ್ದು. ಇದು ಸೀತಾಫಲದ ಕುಟುಂಬದ್ದು. ಸೀತಾಫಲದ ಹೂ ನೋಡಿದ್ದೀರಲ್ವಾ, ದಪ್ಪ ದಪ್ಪ ಹಸಿರು ಎಸಳು? ಮನೋರಂಜಿನಿಯದೂ ಹಾಗೇ ದಪ್ಪ. ಮೂರು ಮೂರರಂತೆ ಎರಡು ಸುತ್ತು, ಒಟ್ಟು ಆರು ಎಸಳು. ಹೂ ಹಸಿರಾಗಿರುವಾಗ ಎಲೆ ಮಧ್ಯೆ ಕಣ್ಣಿಗೇ ಬೀಳೋದಿಲ್ಲ. ಹಳದಿಗೆ ತಿರುಗಿದ ದಿನ ಸಂಜೆ ಇಡೀ ಅಂಗಳ ಘಮ್ಮೆನ್ನುತ್ತದೆ. ಯಾವ ಹಣ್ಣು ನೆನೆಸಿಕೊಂಡರೆ ಆ ಹಣ್ಣಿನ ವಾಸನೆ ಬರುತ್ತೆ ಅಂತ ಹಿರಿಯರು ಹೇಳ್ತಾರಲ್ಲ, ಅದು ಈ ಹೂವಿಗೇ. ನನಗೆ ಒಂದು ದಿನ ಅನಾನಸ್ ಅನಿಸುತ್ತೆ, ಇನ್ನೊಂದು ದಿನ ಹಲಸಿನ ತೊಳೆ.

ಇನ್ನು ಬೆಳೆಸುವ ವಿಷಯ. ನನ್ನದು ಕುಂಡದಲ್ಲಿದ್ದಾಗ ನಾಲ್ಕು ವರ್ಷ ಬರೀ ಎಲೆ. ಮನೆಯ ಪೂರ್ವಕ್ಕೆ ಕೆಮ್ಮಣ್ಣಿನ ನೆಲಕ್ಕೆ ಇಳಿಸಿದ ಮೇಲೆ ಎರಡನೇ ಮಳೆಗಾಲಕ್ಕೆ ಹೂ ಬಂತು. ಅರ್ಧ ದಿನವಾದರೂ ಬಿಸಿಲು ಬೇಕು. ನೆರಳಲ್ಲಿ ಗಿಡ ಸಾಯೋದಿಲ್ಲ, ಹೂ ಮಾತ್ರ ಕಡಿಮೆ. ಕೊಟ್ಟಿಗೆ ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ಸಾಕು. ಯೂರಿಯಾ ಹಾಕಬೇಡಿ, ಸೊಪ್ಪೇ ಜಾಸ್ತಿಯಾಗುತ್ತೆ. ಡಿಸೆಂಬರ್, ಜನವರಿಯ ಚಳಿಗೆ ನನ್ನ ಗಿಡ ಸುಮ್ನೆ ನಿಂತುಬಿಡುತ್ತದೆ. ಆಗ ನೀರು ಸುರಿಯಬೇಡಿ, ಬೇರು ಕೊಳೆಯುತ್ತೆ. ಮತ್ತೆ ಕತ್ತರಿ ಹಿಡಿಯುವಾಗ ಕೊಕ್ಕೆ ಇರುವ ಕೊಂಬೆ ಉಳಿಸಿಕೊಳ್ಳಿ. ಒಮ್ಮೆ ಮಾಲಿ ಬಂದು ಚೆಂದ ಕಾಣಲಿ ಅಂತ ಬೇಲಿಯ ಹಾಗೆ ಬೋಳು ಹೊಡೆದ. ಆ ವರ್ಷ ಪೂರ್ತಿ ಹೂವಿಲ್ಲದೆ ಕಳೆದೆ.

ಯಲಹಂಕದಿಂದ: ನನಗೂ ಹೀಗೇ ಆಗಿತ್ತು ಸರ್. ಮನೋರಂಜಿತ ಅಂತ ಕೊಟ್ಟಿದ್ದು ಯಲಾಂಗ್ ಯಲಾಂಗ್. ಫಿಲಿಪ್ಪೀನ್ಸ್, ಇಂಡೋನೇಷ್ಯಾ ಕಡೆಯ ಮರ, ಅದರ ಹೂವಿನ ಎಣ್ಣೆಯನ್ನು ಸೆಂಟಿಗೆ ಬಳಸ್ತಾರೆ. ಅದೂ ಸೀತಾಫಲದ ಕುಟುಂಬದ್ದೇ, ಅದರ ಹೂವೂ ಹಸಿರಿನಿಂದ ಹಳದಿಗೆ ತಿರುಗುತ್ತೆ, ಅದಕ್ಕೇ ಗೊಂದಲ. ಆದರೆ ಎಸಳು ತೆಳ್ಳಗೆ, ಉದ್ದಕ್ಕೆ, ರಿಬ್ಬನ್‌ನಂತೆ ಜೋತಾಡುತ್ತೆ. ಕೊಕ್ಕೆ ಇಲ್ಲವೇ ಇಲ್ಲ. ಕಾಂಡ ನೆಟ್ಟಗೆ, ಕೊಂಬೆಗಳು ಕೆಳಗೆ ಬಾಗಿರುತ್ತವೆ. ಎಲೆ ತೆಳು, ಅಂಚು ಅಲೆಅಲೆ. ಮನೋರಂಜಿನಿ ಎಲೆ ದಪ್ಪ, ಮಿರಿಮಿರಿ. ಇನ್ನು ಮುಂದೆ ನರ್ಸರಿಯಲ್ಲಿ ಮನೋರಂಜಿನಿಯ ವೈಜ್ಞಾನಿಕ ಹೆಸರು ಹೇಳಿ, ಆರ್ಟಬೋಟ್ರಿಸ್ ಹೆಕ್ಸಪೆಟಲಸ್ ಅಂತ ಕೇಳಿ. ಊರ ಹೆಸರು ನಂಬಬೇಡಿ.

ಮಲ್ಲೇಶ್ವರದಿಂದ: ಹಾವು ಬರುತ್ತೆ ಅಂತ ನಮ್ಮ ಮನೆಯಲ್ಲಿ ಇದನ್ನು ಬೆಳೆಸೋಕೇ ಬಿಡಲಿಲ್ಲ, ಆಮೇಲೆ ಒಪ್ಪಿಸಿದೆ. ಹನ್ನೊಂದು ವರ್ಷವಾಯಿತು, ಹಾವು ಕಂಡಿಲ್ಲ. ಬುಡದಲ್ಲಿ ಪೊದೆ ಕಟ್ಟದಂತೆ ಸ್ವಚ್ಛವಾಗಿಡಿ, ಇಲಿ ಸೇರಬಾರದು ಅಷ್ಟೇ. ನಮ್ಮಲ್ಲಿಗೆ ಬರೋದು ಚಿಟ್ಟೆ. ಕಪ್ಪು ರೆಕ್ಕೆ ಮೇಲೆ ಹಸಿರು ಚುಕ್ಕೆ ಇರುವ ಚಿಟ್ಟೆ ಎಳೆ ಎಲೆ ಮೇಲೆ ಮೊಟ್ಟೆ ಇಡುತ್ತದೆ. ಹುಳು ನಾಲ್ಕು ಎಲೆ ತಿಂದರೆ ತಿನ್ನಲಿ, ಔಷಧಿ ಹೊಡೆಯಬೇಡಿ.

ರಾಜಾಜಿನಗರದಿಂದ: ಬೆಳಿಗ್ಗೆ ಅಮ್ಮನನ್ನೂ ಕರೆದುಕೊಂಡು ಹೋಗಿ ಒಂದೊಂದು ಕೊಂಬೆಯನ್ನೂ ತಡವಿ ನೋಡಿದೆ. ಕೊಕ್ಕೆ ಇಲ್ಲ. ಕಾಂಡ ನೆಟ್ಟಗಿದೆ, ಎಲೆ ಅಂಚು ಅಲೆಅಲೆಯಾಗಿದೆ. ಯಲಹಂಕದವರು ಹೇಳಿದ್ದೇ ಸರಿ. ಅದನ್ನು ಭಾವನ ತೋಟಕ್ಕೆ ಕಳಿಸ್ತೀನಿ, ಮರವಾಗಿ ಬೆಳೆಯಲಿ. ಅಮ್ಮನಿಗೆ ನಿಜವಾದ್ದು ಬೇಕು. ಬೀಜ ಹಾಕಲೋ, ಗೂಟಿ ಕಟ್ಟಲೋ, ಅಂದರೆ ಗಿಡದ ಕೊಂಬೆಯಲ್ಲೇ ಬೇರು ಬರಿಸಲೋ?

ಬಸವನಗುಡಿಯಿಂದ: ಗೂಟಿಯೇ ಒಳ್ಳೆಯದು. ಬೀಜ ಮೊಳೆಯೋಕೆ ತಿಂಗಳುಗಟ್ಟಲೆ ಬೇಕು, ಹೂವಿಗೆ ಇನ್ನೂ ವರ್ಷಗಟ್ಟಲೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ ಕೊಂಬೆಯಲ್ಲಿ ಒಂದು ಇಂಚು ಸಿಪ್ಪೆ ಬಿಡಿಸಿ, ಒದ್ದೆ ಪಾಚಿ ಸುತ್ತಿ ಪ್ಲಾಸ್ಟಿಕ್ ಕಟ್ಟಬೇಕು. ನನ್ನ ಗಿಡದಲ್ಲಿ ಎರಡು ಕಟ್ಟಿಡ್ತೀನಿ, ಒಂದಾದರೂ ಬೇರು ಬಿಡುತ್ತೆ. ಗಣೇಶನ ಹಬ್ಬ ಮುಗಿಸಿಕೊಂಡು ಅಮ್ಮನನ್ನು ಕರೆದುಕೊಂಡು ಬನ್ನಿ. ಸಂಜೆ ಹೊತ್ತಿಗೇ ಬನ್ನಿ, ಆಗ ಹೂವಿದ್ದರೆ ವಾಸನೆ ನೋಡಿ ಅವರೇ ಹೇಳಲಿ, ಬಾವಿಕಟ್ಟೆ ಹತ್ತಿರ ಇದ್ದದ್ದು ಇದೇನಾ ಅಂತ.