ಮೂರನೇ ಕ್ಲಾಸ್ ಮಕ್ಕಳಿಗೆ ಮೈಂಡ್‌ಫುಲ್‌ನೆಸ್ ಹೇಗೆ ಮಾಡಿಸೋದು, ನಿಜವಾಗ್ಲೂ ಪ್ರಯೋಜನ ಇದ್ಯಾ?

ಪ್ರಶ್ನೆ — ಮೂರನೇ_ಕ್ಲಾಸ್_ಮಿಸ್

ಎಲ್ಲರಿಗೂ ನಮಸ್ಕಾರ. ಈ ವರ್ಷದಿಂದ ನಮ್ಮ ಶಾಲೇಲಿ ದಿನಾ ಬೆಳಗ್ಗೆ 10 ನಿಮಿಷ ಮೈಂಡ್‌ಫುಲ್‌ನೆಸ್ ಮಾಡಿಸ್ಬೇಕು ಅಂತ ಆಗಿದೆ, ಅಂದ್ರೆ ಉಸಿರು, ಸದ್ದು, ಮೈಯಲ್ಲಿ ಆಗೋದನ್ನ ಆ ಕ್ಷಣದಲ್ಲಿ ಸುಮ್ನೆ ಗಮನಿಸೋ ಅಭ್ಯಾಸ. ಒಂದು ಆಡಿಯೋ ಕೊಟ್ಟಿದಾರೆ, ಅದನ್ನ ಹಾಕಿ ಮಕ್ಕಳನ್ನ ಕಣ್ಮುಚ್ಚಿ ಕೂರಿಸಿದ್ರೆ ಮುಗೀತು ಅನ್ನೋ ಲೆಕ್ಕ. ಎರಡನೇ ನಿಮಿಷಕ್ಕೇ ಅರ್ಧ ಕ್ಲಾಸು ಕಿಸಕ್ಕಂತ ನಗೋಕೆ ಶುರು ಮಾಡುತ್ತೆ, ಒಬ್ಬ ಡೆಸ್ಕ್ ಮೇಲೆ ಪೆನ್ಸಿಲ್ ಉರುಳಿಸ್ತಾ ಕೂತಿರ್ತಾನೆ, ಒಂದು ಹುಡುಗಿ ಅಂತೂ ಕಣ್ಣು ಮುಚ್ಚೋಕೇ ಒಪ್ಪಲ್ಲ, ಎಲ್ಲರೂ ಮುಚ್ಚಿದ ತಕ್ಷಣ ಬಾಗಿಲ ಕಡೆ ನೋಡ್ತಾ ಮೈ ಬಿಗಿ ಮಾಡ್ಕೊಂಡು ಕೂತುಬಿಡ್ತಾಳೆ. ನಾನು ಬಲವಂತ ಮಾಡಿಲ್ಲ. ಆದ್ರೆ ಈ ವಿಷಯ ಹಾಗೇ ಬಿಟ್ಟುಬಿಡೋಕೂ ಮನಸ್ಸಿಲ್ಲ, ಯಾಕಂದ್ರೆ ಟೆಸ್ಟ್ ಅಂದ್ರೆ ಹೊಟ್ಟೆನೋವು ಅನ್ನೋ ಮಕ್ಕಳು, ಒಂದು ಲೆಕ್ಕ ತಪ್ಪಾದ್ರೆ ಪೇಜನ್ನೇ ಹರಿಯೋ ಮಕ್ಕಳು ನನ್ ಕ್ಲಾಸಲ್ಲೇ ಇದಾರೆ. ಮಾಡಿಸಿ ಗೊತ್ತಿರೋರು ದಯವಿಟ್ಟು ಹೇಳಿ.

ಉತ್ತರ — ಪ್ರೈಮರಿ_ಟೀಚರ್

ಮೊದಲು ಆ ಆಡಿಯೋ ಬದಿಗಿಡಿ ಮೇಡಂ. ಈಗ ಎಲ್ಲಾ ಕಡೆ ಹರಡಿರೋ ಎಂಟು ವಾರದ ಮೈಂಡ್‌ಫುಲ್‌ನೆಸ್ ಕೋರ್ಸ್ ಇದ್ಯಲ್ಲ, ಅದನ್ನ 1979ರಲ್ಲಿ ಅಮೆರಿಕದಲ್ಲಿ ಜಾನ್ ಕಬಾಟ್-ಝಿನ್ ಶುರು ಮಾಡಿದ್ದು ಆಸ್ಪತ್ರೆಗೆ ಬರೋ ರೋಗಿಗಳಿಗೆ, ಎಷ್ಟೋ ವರ್ಷದಿಂದ ನೋವು ಅನುಭವಿಸ್ತಿದ್ದ ದೊಡ್ಡೋರಿಗೆ. ಅದನ್ನೇ ತಂದು ಮಕ್ಕಳಿಗೆ ತೊಡಿಸಿದ್ರೆ ಆಗಲ್ಲ, ಅವರ ಅಳತೆಗೆ ಹೊಲೀಬೇಕು.

ಈ ವಯಸ್ಸಿಗೆ ಒಂದೆರಡು ನಿಮಿಷ ಸಾಕು. ಸದ್ದಿಂದ ಶುರು ಮಾಡಿ, ಒಂದು ಗಂಟೆ ಬಾರಿಸಿ, ಸದ್ದು ಪೂರ್ತಿ ನಿಂತಾಗ ಕೈ ಎತ್ತಿ ಅನ್ನಿ. ಕೆಲವರು ಬೇಗ ಎತ್ತುತ್ತಾರೆ, ಒಂದಿಬ್ಬರು ಎಲ್ಲರೂ ಎತ್ತಿದ್ಮೇಲೂ "ಇಲ್ಲ ಮಿಸ್ ಇನ್ನೂ ಕೇಳಿಸ್ತಿದೆ" ಅಂತಾರೆ, ಆಗ ಇಡೀ ಕ್ಲಾಸು ತಾನಾಗೇ ಕಿವಿಗೊಡುತ್ತೆ, ಸುಮ್ನಿರಿ ಅಂತ ನೀವು ಹೇಳೋದೇ ಬೇಡ. ಆಮೇಲೆ ಬೆರಳಿನ ಉಸಿರಾಟ. ಎಡಗೈ ಅಗಲಿಸಿ ಹಿಡಿದು ಬಲಗೈ ತೋರುಬೆರಳಿಂದ ಹೆಬ್ಬೆರಳ ಬುಡದಿಂದ ಮೇಲಕ್ಕೆ ಹೋಗ್ತಾ ಉಸಿರು ಒಳಗೆ, ಆ ಕಡೆ ಇಳೀತಾ ಉಸಿರು ಹೊರಗೆ, ಹೀಗೆ ಐದೂ ಬೆರಳು. ಇಳಿಯೋದು ನಿಧಾನವಾಗಿರ್ಲಿ, ಯಾಕಂದ್ರೆ ಉಸಿರು ಬಿಡುವಾಗ ಹೃದಯದ ಬಡಿತ ಸ್ವಲ್ಪ ತಗ್ಗುತ್ತೆ, ನಿಧಾನವಾಗಿ ಬಿಟ್ಟಷ್ಟೂ ಮೈ ಸಡಿಲ ಆಗುತ್ತೆ. ಕೈಗೂ ಕಣ್ಣಿಗೂ ಕೆಲಸ ಇರೋದ್ರಿಂದ ಆ ಪೆನ್ಸಿಲ್ ಹುಡುಗನೂ ಸೇರ್ಕೊಳ್ತಾನೆ. ನಗು ಬಂದ್ರೆ ಬರ್ಲಿ ಬಿಡಿ, "ನಗು ಬರೋ ಮುಂಚೆ ಹೊಟ್ಟೇಲಿ ಏನಾಯ್ತು" ಅಂತ ಕೇಳಿ, ಅದೂ ಗಮನಿಸೋದೇ ತಾನೆ.

ಇನ್ನೊಂದು, ಜಗಳ ಆದಾಗ, ಗಲಾಟೆ ಮಾಡಿದಾಗ "ಹೋಗು ಮೂಲೇಲಿ ಕೂತು ಉಸಿರಾಡು" ಅಂತ ಯಾವತ್ತೂ ಹೇಳ್ಬೇಡಿ. ಒಂದ್ಸಲ ಅದು ಶಿಕ್ಷೆ ಅಂತ ಮಕ್ಕಳ ತಲೇಲಿ ಕೂತ್ರೆ ಮತ್ತೆ ತೆಗೆಯೋದು ಬಹಳ ಕಷ್ಟ. ಸಮಾಧಾನವಾಗಿರೋ ಹೊತ್ತಲ್ಲಿ ಕಲಿತಿದ್ರೆ ಮಾತ್ರ ಸಿಟ್ಟು ಬಂದಾಗ ನೆನಪಿಗೆ ಬರುತ್ತೆ.

ಉತ್ತರ — ಶಾಲಾ_ಕೌನ್ಸಿಲರ್

ಆ ಹುಡುಗಿ ಬಗ್ಗೆ ಮಾತ್ರ ಬರೀತೀನಿ. ಕಣ್ಣು ಮುಚ್ಚೋದು ಎಲ್ಲಾ ಮಕ್ಕಳಿಗೂ ಆರಾಮ ಅಲ್ಲ. ಹೆದರಿದ ಮಗು, ಮನೇಲೋ ಹೊರಗೋ ಏನೋ ಕೆಟ್ಟದ್ದು ಕಂಡಿರೋ ಮಗು, ಸುತ್ತ ಏನಾಗ್ತಿದೆ ಅಂತ ನೋಡ್ತಾ ಇದ್ರೇನೇ ತಾನು ಸೇಫ್ ಅಂದ್ಕೊಂಡಿರುತ್ತೆ, ಕತ್ತಲು ಮಾಡಿ ಉಸಿರಿನ ಮೇಲೆ ಗಮನ ಇಡು ಅಂದ್ರೆ ಭಯ ಇನ್ನೂ ಹೆಚ್ಚಾಗಬಹುದು. ಹಂಗಂತ ಕಣ್ಣು ಮುಚ್ಚದ ಮಗೂಗೆಲ್ಲಾ ಏನೋ ಆಗಿದೆ ಅಂತಲ್ಲ, ಕೆಲವರಿಗೆ ಸುಮ್ನೆ ಇಷ್ಟ ಇರಲ್ಲ. ಆದ್ರೆ ಬಾಗಿಲ ಕಡೆ ನೋಡೋದು, ಮೈ ಬಿಗಿಯೋದು ಪದೇ ಪದೇ ಆಗ್ತಿದ್ರೆ ಬರೆದಿಟ್ಕೊಂಡು ನಿಮ್ಮ ಶಾಲೆಯ ಕೌನ್ಸಿಲರ್ ಹತ್ರ ಮಾತಾಡಿ, ಇಡೀ ಕ್ಲಾಸಿಗೆ ಮಾಡಿಸೋ ಉಸಿರಾಟ ಅದಕ್ಕೆ ಪರಿಹಾರ ಅಲ್ಲ. ಅಲ್ಲೀವರೆಗೆ "ಕಣ್ಣು ಮುಚ್ಚಬಹುದು, ಇಲ್ಲಾಂದ್ರೆ ಡೆಸ್ಕ್ ಮೇಲೆ ಒಂದು ಕಡೆ ನೋಡ್ತಿರಬಹುದು, ಬೇಡ ಅಂದ್ರೆ ಚಿತ್ರ ಬಿಡಿಸ್ತಾ ಇರಬಹುದು" ಅಂತ ಎಲ್ಲರಿಗೂ ಹೇಳಿ. ಅವಳೊಬ್ಬಳಿಗೇ ಹೇಳಿದ್ರೆ ಎಲ್ಲರ ಕಣ್ಣೂ ಅವಳ ಮೇಲೆ ಬೀಳುತ್ತೆ. ಬಾಗಿಲು ಕಾಣೋ ಜಾಗದಲ್ಲೇ ಕೂರ್ಲಿ.

ಉತ್ತರ — ಓದೋ_ಹುಚ್ಚು

ಪ್ರಯೋಜನ ಇದ್ಯಾ ಅನ್ನೋದಕ್ಕೆ ಹೌದು ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ. 2010ರಲ್ಲಿ ಅಮೆರಿಕದಲ್ಲಿ 7ರಿಂದ 9 ವರ್ಷದ 64 ಮಕ್ಕಳ ಮೇಲೆ ಒಂದು ಅಧ್ಯಯನ ಬಂತು, ವಾರಕ್ಕೆ ಎರಡು ಸಲ ಅರ್ಧ ಗಂಟೆ, ಎಂಟು ವಾರ. ಗಮನ ಹಿಡಿಯೋದು, ತನ್ನನ್ನ ತಾನು ತಡ್ಕೊಳ್ಳೋದು ಯಾರಿಗೆ ಮೊದಲೇ ಕಷ್ಟ ಇತ್ತೋ ಅವರಲ್ಲೇ ಸುಧಾರಣೆ ಜಾಸ್ತಿ ಕಾಣ್ತು. ಆದ್ರೆ 64 ಮಕ್ಕಳು ಅಂದ್ರೆ ಸಣ್ಣ ಅಧ್ಯಯನ. ಬ್ರಿಟನ್ನಿನಲ್ಲಿ 85 ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳನ್ನ ಸೇರಿಸಿ ಮಾಡಿದ ಮಿರಿಯಡ್ ಅನ್ನೋ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು, ಅಲ್ಲಿ ಮಾಮೂಲಿ ಪಾಠಕ್ಕಿಂತ ಮೈಂಡ್‌ಫುಲ್‌ನೆಸ್ ಪಾಠದಿಂದ ಮಕ್ಕಳ ಮಾನಸಿಕ ಆರೋಗ್ಯಕ್ಕೆ ಹೆಚ್ಚೇನೂ ಲಾಭ ಕಾಣ್ಲಿಲ್ಲ. ಅವರು 11 ದಾಟಿದ ಮಕ್ಕಳು, ಪ್ರೈಮರಿ ಅಲ್ಲ, ಹಾಗಾಗಿ ನೇರ ಹೋಲಿಸಬಾರದು. ಆದ್ರೆ ಎರಡು ವಿಷಯ ಗಮನಿಸಿ, ಹೆಚ್ಚಿನ ಮಕ್ಕಳು ಮನೇಲಿ ಅಭ್ಯಾಸ ಮಾಡೇ ಇರ್ಲಿಲ್ಲ, ಮತ್ತೆ ಪಾಠ ಕಲಿತು ಕಲಿಸಿದ ಟೀಚರ್‌ಗಳಿಗೆ ಕೆಲಸದ ಸುಸ್ತು ಒಂದಿಷ್ಟು ಕಮ್ಮಿ ಆಗಿತ್ತು. ನನಗೆ ಮುಖ್ಯ ಅನ್ಸೋದು ಈ ಎರಡನೇದು, ಟೀಚರೇ ಹರಿಬರಿಯಲ್ಲಿ ಅಟೆಂಡೆನ್ಸ್ ತಗೋತಾ ಆಡಿಯೋ ಹಾಕಿದ್ರೆ ಮಕ್ಕಳು ಏನನ್ನ ನೋಡಿ ಕಲೀಬೇಕು.

ಉತ್ತರ — ಇಬ್ಬರು_ಮಕ್ಕಳ_ಅಮ್ಮ

ಪೇರೆಂಟ್ ಆಗಿ ಒಂದು ಮಾತು. ನನ್ನ ಮಗಳು ಈಗ "ಅಮ್ಮ ನನಗೆ ಗಂಟಲಲ್ಲಿ ಬಿಗಿ ಆಗ್ತಿದೆ" ಅಂತ ಹೇಳ್ತಾಳೆ, ಮುಂಚೆ ಬಾಗಿಲು ಬಡಿದು ಒಳಗೆ ಹೋಗ್ತಿದ್ಲು. ಇದು ಶಾಲೇಲಿ ಕಲಿತಿದ್ದು, ನನಗೆ ತುಂಬಾ ಖುಷಿ. ಆದ್ರೆ ಹೋಂವರ್ಕ್ ಜಾಸ್ತಿ ಇದ್ದು ನಿದ್ದೆ ಕಮ್ಮಿ ಆಗಿದ್ದಕ್ಕೆ ಬರೋ ಟೆನ್ಷನ್ನಿಗೆ ಉಸಿರಾಡು ಅಂದ್ರೆ ಹೇಗೆ? ಅದು ಕಡಿಮೆ ಮಾಡ್ಬೇಕಾಗಿರೋದು ದೊಡ್ಡೋರು. ಟೆಸ್ಟ್ ಮಾರ್ಕ್ಸ್ ಎಲ್ಲರ ಮುಂದೆ ಓದೋದು ನಿಲ್ಸಿದ್ರೆ ಅರ್ಧ ಹೊಟ್ಟೆನೋವು ಹೋಗುತ್ತೆ ಅಂತ ನನ್ನ ನಂಬಿಕೆ.

ಮೂರನೇ_ಕ್ಲಾಸ್_ಮಿಸ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೋಮವಾರದಿಂದ ಗಂಟೆ ಸದ್ದು, ಬೆರಳಿನ ಉಸಿರಾಟ ಎರಡೇ ಮಾಡಿಸ್ತೀನಿ, ಆ ಹುಡುಗಿ ವಿಷಯ ಇವತ್ತೇ ಕೌನ್ಸಿಲರ್‌ಗೆ ಹೇಳ್ತೀನಿ. ಒಂದು ಡೌಟು, ಪ್ರತಿ ಮಗು ಎಷ್ಟು ಹೊತ್ತು ಅಲ್ಲಾಡದೆ ಕೂತಿತ್ತು ಅಂತ ರಿಜಿಸ್ಟರಲ್ಲಿ ಬರೀಬೇಕಂತೆ. ಬರೀಲಾ?

ಪ್ರೈಮರಿ_ಟೀಚರ್

ಬೇಡ ಮೇಡಂ, ಸ್ಟಾಫ್ ಮೀಟಿಂಗಲ್ಲಿ ಗಟ್ಟಿಯಾಗಿ ಹೇಳಿ. ಅಲ್ಲಾಡದೆ ಕೂತಿರೋದನ್ನ ಅಳೆಯೋಕೆ ಹೊರಟ್ರೆ ಅದೂ ಒಂದು ಟೆಸ್ಟ್ ಆಗುತ್ತೆ, ಆ ಪೇಜ್ ಹರಿಯೋ ಮಗು ಅದಕ್ಕೂ ಹೆದರೋಕೆ ಶುರು ಮಾಡುತ್ತೆ. ರಿಜಿಸ್ಟರಲ್ಲಿ ಏನಾದ್ರೂ ಬರೀಲೇಬೇಕು ಅಂದ್ರೆ ಅವತ್ತು ಏನು ಮಾಡಿಸಿದ್ರಿ, ಮಕ್ಕಳು ಏನಂದ್ರು ಅಂತ ಎರಡು ಸಾಲು ಬರೀರಿ, ಹೆಸರು ಬೇಡ.